ಒಂದರಿಂದ ನಾಲ್ಕರವರೆಗೆ

ಪ್ರಮಿಳಾ ಆಗಾಶೆ ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮರಾಠಿ ಕಲಿಸಿದವರು. ಪುಣೆಯ ನಾರಾಯಣ ಪೇಠದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲ. ಹಾಲಿನವನಿಂದ ಹಿಡಿದು ನಗರಸೇವಕನ ತನಕ ಎಲ್ಲರಿಗೂ ಅವರು ಆಗಾಶೆ ಬಾಯಿ, ಅಂದರೆ ಆಗಾಶೆ ಟೀಚರು. ಶಾಲೆ ಬಿಟ್ಟು ಬರುವಾಗ ಅವರು ಎರಡು ಆಸ್ತಿ ಜೊತೆಗೆ ತಂದರು. ಒಂದು, ಮುತ್ತು ಪೋಣಿಸಿದಂಥ ಅಕ್ಷರ. ಇನ್ನೊಂದು, ಮತ್ತೊಬ್ಬರ ತಪ್ಪು ಹುಡುಕುವ ಕಣ್ಣು. ಕಣ್ಣಿನ ದೆಸೆಯಿಂದ ಹನ್ನೆರಡು ಮನೆಗಳ ಕಟ್ಟಡಕ್ಕೆ ಅವರೇ ಕಾರ್ಯದರ್ಶಿಯಾದರು. ಅಕ್ಷರದ ದೆಸೆಯಿಂದ, ಆ ಕಟ್ಟಡದ ಕೆಳಗೇ ಇರುವ ‘ಖಾಂಬೇಟೆ ಮತ್ತು ಮಂಡಳಿ’ ಎಂಬ ಕಿರಾಣಿ ಅಂಗಡಿಯ ಬೋರ್ಡುಗಳನ್ನೆಲ್ಲ ಅವರೇ ಬರೆದುಕೊಟ್ಟರು.

ಪುಣೆಯ ಅಂಗಡಿಗೆ ಬೋರ್ಡು ಇರದಿದ್ದರೆ ಅದು ಅಂಗಡಿಯೇ ಅಲ್ಲ, ಬೋರ್ಡು ಗಿರಾಕಿಗೆ ಒಂದಿಷ್ಟು ಚುಚ್ಚದಿದ್ದರೆ ಅದು ಬೋರ್ಡೇ ಅಲ್ಲ. ‘ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿ, ಬಾಯಲ್ಲಿ ಹಾಕಿಕೊಂಡು ನೋಡಬೇಡಿ, ಇದು ಮದುವೆಮನೆಯಲ್ಲ.’ ‘ಪಕ್ಕದ ಓಣಿಯ ವಿಳಾಸವನ್ನು ಪಕ್ಕದ ಓಣಿಯಲ್ಲೇ ಕೇಳಿ.’ ಎಲ್ಲಕ್ಕಿಂತ ಹಳೆಯದು, ಬಾಗಿಲ ಮೇಲಿನದು: ‘ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚಿರುತ್ತದೆ. ಬಾಗಿಲು ಬಡಿದರೆ ಐದಕ್ಕೆ ತೆರೆಯುತ್ತದೆ.’ ಜನ ಓದಿ ಬೈದುಕೊಳ್ಳುತ್ತಿದ್ದರು, ನಗುತ್ತಿದ್ದರು, ನಾಲ್ಕಕ್ಕೆ ಸರಿಯಾಗಿ ಚೀಲ ಹಿಡಿದು ಬಂದು ನಿಲ್ಲುತ್ತಿದ್ದರು.

ಅಂಗಡಿಯ ಮಾಲೀಕ ಶ್ರೀಧರ ಖಾಂಬೇಟೆಯವರದು ಇನ್ನೊಂದು ಚಾಳಿ. ಏನು ಕೇಳಿದರೂ ‘ಯಾತಕ್ಕ?’ ಎನ್ನುವುದು. ರವೆ ಕೇಳಿದರೆ ‘ಯಾತಕ್ಕ? ಶಿರಾಕ್ಕೋ ಲಾಡೂಕ್ಕೋ?’ ಉತ್ತರ ಸಿಗುವ ತನಕ ಕೈ ಡಬ್ಬಿಗೆ ಹೋಗುತ್ತಿರಲಿಲ್ಲ. ಲಾಡು ಎಂದರೆ ಒಂದು ರವೆ, ಶಿರಾ ಎಂದರೆ ಇನ್ನೊಂದು. ಚಕ್ಕುಲಿಗೆ ಎಂದು ಅಂಟಂಟಾದ ಇಂದ್ರಾಯಣಿ ಅಕ್ಕಿ ಕೇಳಿದ ಹೊಸ ಸೊಸೆಯನ್ನು ಬರಿಗೈಯಲ್ಲಿ ಹಿಂದಕ್ಕೆ ಕಳಿಸಿದ್ದುಂಟು: ‘ಅತ್ತೀನ್ನ ಕೇಳಿಕೊಂಡು ಬಾ ಹೋಗವಾ.’ ಸೊಸೆಗೆ ಅವಮಾನವಾಯಿತು ನಿಜ, ಆದರೆ ಆ ದೀಪಾವಳಿಗೆ ಚಕ್ಕುಲಿ ಒಡೆಯಲಿಲ್ಲ.

ಮೂರು ವರ್ಷದ ಹಿಂದೆ ಬಾಯಿಗೆ ಸಕ್ಕರೆ ಕಾಯಿಲೆ ಬಂತು. ಯಜಮಾನರು ಆಗಾಶೆ ರಾವ್ ಹವಾಮಾನ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಳೆಯ ವಿಷಯದಲ್ಲಿ ಅವರ ಮಾತನ್ನು ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ, ಆದ್ದರಿಂದ ಉಳಿದೆಲ್ಲ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಆಸ್ಪತ್ರೆಯಿಂದ ನೇರವಾಗಿ ಅಂಗಡಿಗೆ ಹೋಗಿ ನಾಲ್ಕು ಜನರೆದುರು ಹೇಳಿಬಿಟ್ಟರು: “ಖಾಂಬೇಟೆ, ಇವತ್ತಿನಿಂದ ನಮ್ಮ ಮನ್ಯಾಕಿಗೆ ಸಿಹೀದು ಏನೂ ಕೊಡಬ್ಯಾಡ್ರಿ. ಬೆಲ್ಲಾ ಸೈತ ಕೇಳಿ ಕೊಡ್ರಿ.”

ಖಾಂಬೇಟೆಯವರಿಗೆ ಅಷ್ಟು ಹೇಳಿದರೆ ಸಾಕು. ಅಂದಿನಿಂದ ಬಾಯಿ ಬೆಲ್ಲ ಕೇಳಿದರೆ ‘ಯಾತಕ್ಕ?’ ಬಾಯಿ ‘ಬ್ಯಾಳಿ ಆಮಟಿಗೆ’ ಎಂದರೆ, “ಆಮಟಿಗೆ ಅರ್ಧ ಕಿಲೋ? ಊರಿಗೆಲ್ಲಾ ಊಟಾ ಹಾಕಾವ್ರಿದ್ದೀರೇನು?” ಎಂದು ನಿಂಬೆಹಣ್ಣಿನಷ್ಟು ದೊಡ್ಡ ಒಂದು ಉಂಡೆ ಕಾಗದದಲ್ಲಿ ಕಟ್ಟಿ ಕೊಡುವರು. ಚಿಕ್ಕಿಯ ಬರಣಿಯತ್ತ ಬಾಯಿ ನೋಡಿದರೆ ಸಾಕು, ಅದನ್ನು ಹಿಂದಕ್ಕೆ ಸರಿಸುವರು. ಮೂವತ್ತೊಂದು ವರ್ಷ ಬೇರೆಯವರ ಕಿವಿ ಹಿಂಡಿದ ಹೆಂಗಸಿಗೆ ಎಪ್ಪತ್ತರ ಹೊಸ್ತಿಲಲ್ಲಿ ಕಿರಾಣಿಯವನ ಮುಂದೆ ಕಳ್ಳ ಹುಡುಗಿಯ ಹಾಗೆ ನಿಲ್ಲುವ ಗತಿ ಬಂತು. ಬಾಯಿಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನಲ್ಲೂ ಅವರ ಕಣ್ಣು ಬರಣಿಯ ಮೇಲೆಯೇ ಇರುತ್ತಿತ್ತು, ಏನು ಹೇಳೋಣ!

ಇಂಥ ಹೊತ್ತಿಗೆ ಊರಲ್ಲಿ ಹತ್ತು ನಿಮಿಷದ ಹುಚ್ಚು ಹತ್ತಿತು. ಫೋನಿನಲ್ಲಿ ಬೆರಳು ಒತ್ತಿದರೆ ಹತ್ತು ನಿಮಿಷದಲ್ಲಿ ಕೊತ್ತಂಬರಿಯಿಂದ ಕೊಡೆಯವರೆಗೆ ಮನೆ ಬಾಗಿಲಿಗೆ. ಹಿಂದಿನ ದೀಪಾವಳಿಯಲ್ಲಿ ಕಟ್ಟಡದ ಸಭೆ ಕರೆದು ಬಾಯಿ ಗುಡುಗಿದರು. “ನಮ್ಮ ಖಾಂಬೇಟೆ ಇರೂವಾಗ ನಮಗ ಅವ್ರು ಯಾತಕ್ಕ? ನಾಚಿಕಿ ಬ್ಯಾಡೇನು?” ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನವೇ ಗೇಟಿನ ಮೇಲೆ ಬೋರ್ಡು ಏರಿತು: ‘ಹತ್ತು ನಿಮಿಷದಲ್ಲಿ ಸಾಮಾನು ತರುವವರಿಗೆ ಪ್ರವೇಶವಿಲ್ಲ. ಈ ಕಟ್ಟಡದಲ್ಲಿ ಅಷ್ಟು ಅವಸರದವರು ಯಾರೂ ವಾಸಿಸುವುದಿಲ್ಲ.’ ದಾರಿಹೋಕರು ನಿಂತು ಅದರ ಫೋಟೋ ತೆಗೆದುಕೊಂಡರು. ಖಾಂಬೇಟೆಯವರು ಅಂಗಡಿಯಿಂದ ಹೊರಗೆ ಬಂದು ಎರಡು ಸಲ ಓದಿದರು. ಒಳಗೆ ಹೋಗಿ ಕನ್ನಡಕ ಒರೆಸಿಕೊಂಡರು.

ಸಂಕ್ರಾಂತಿಯ ಹೊತ್ತಿಗೆ, ಒಂದು ಮಧ್ಯಾಹ್ನ ಒಂದೂವರೆಗೆ, ಸಾತಾರೆಯಿಂದ ಬಾಯಿಯ ನಾದಿನಿ ಸಂಸಾರ ಸಮೇತ ಬಂದಿಳಿದಳು. ಹೇಳಲಿಲ್ಲ ಕೇಳಲಿಲ್ಲ, ಐದು ಜನ. ಚಹಾಕ್ಕಿಟ್ಟ ಹಾಲು ಒಡೆಯಿತು. ಕೆಳಗೆ ಖಾಂಬೇಟೆಯವರ ಬಾಗಿಲು ಮುಚ್ಚಿತ್ತು. ಬಡಿದರೆ ಐದಕ್ಕೆ ತೆರೆಯುತ್ತದೆ ಎಂದು ಬಾಯಿಯೇ ಬರೆದಿದ್ದರಲ್ಲ! ನಾದಿನಿಯ ಮಗಳು ಕೇತಕಿ ನಕ್ಕಳು. “ಮಾಮಿ, ಫೋನ ಕೊಡ್ರಿಲ್ಲೆ.” ಒಂಬತ್ತೇ ನಿಮಿಷದಲ್ಲಿ ಹಾಲು ಬಂತು. ಜೊತೆಗೆ ಆ ಹುಡುಗಿ ತನಗೆಂದು ತರಿಸಿದ ಏಲಕ್ಕಿ ಶ್ರೀಖಂಡದ ಡಬ್ಬಿಯೂ ಬಂತು. ಅದರಲ್ಲಿ ಅರ್ಧ ಉಳಿಯಿತು. ನೆಂಟರು ಹೋದ ಮೇಲೆ ಬಾಯಿ ಅಡುಗೆಮನೆಯಲ್ಲಿ ನಿಂತು, ಚಮಚ ತೊಳೆಯುವ ನೆವದಲ್ಲಿ ಆ ಅರ್ಧವನ್ನು ಮುಗಿಸಿದರು.

ಮೂರು ದಿನಕ್ಕೆ ಬಾಯಿಯ ಬೆರಳು ತಾನೇ ದಾರಿ ಕಂಡುಕೊಂಡಿತು. ಆಗಾಶೆ ರಾವ್ ಒಂದಕ್ಕೆ ಉಂಡು ಒಂದೂಕಾಲಿಗೆ ಗೊರಕೆ ಹೊಡೆಯುವವರು. ಕೆಳಗೆ ಖಾಂಬೇಟೆಯವರೂ ಒಳಗಿನ ಕೋಣೆಯಲ್ಲಿ ಮಲಗಿರುವ ಹೊತ್ತು. ಇಡೀ ಪೇಠ ಕಣ್ಣು ಮುಚ್ಚಿದ ಆ ಮೂರು ತಾಸಿನಲ್ಲಿ ಬಾಯಿ ಚಿಕ್ಕಿ ತರಿಸಿದರು, ಪೇಢೆ ತರಿಸಿದರು, ಜಾಮೂನಿನ ಡಬ್ಬಿ ತರಿಸಿದರು. ಫೋನು ‘ಯಾತಕ್ಕ?’ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದು ಇಷ್ಟೇ: ನಮ್ಮ ಸೇವೆಯಿಂದ ನಿಮಗೆ ಖುಷಿಯಾಯಿತೇ? ಐದು ನಕ್ಷತ್ರ ತೋರಿಸಿ, ಎಷ್ಟು ಕೊಡುತ್ತೀರಿ ಎಂದಿತು. ಮೂವತ್ತೊಂದು ವರ್ಷದಲ್ಲಿ ಯಾವ ಹುಡುಗಿಗೂ ಪೂರ್ತಿ ಅಂಕ ಕೊಟ್ಟು ಗೊತ್ತಿಲ್ಲದ ಬಾಯಿ ಐದಕ್ಕೆ ಐದು ಕೊಟ್ಟರು.

ಗೇಟಿನಲ್ಲಿ ಬೋರ್ಡಿತ್ತಲ್ಲ, ಸಾಮಾನು ಬರುವುದು ಹೇಗೆ? ಹಿಂದಿನ ಸಂದಿಯಿಂದ. ಹಿಂಬದಿಯ ಗ್ಯಾಲರಿಯಿಂದ ಹಗ್ಗಕ್ಕೆ ಕಾಯಿಪಲ್ಯದ ಚೀಲ ಕಟ್ಟಿ ಇಳಿಬಿಡುವುದು; ಕೆಳಗೆ ಬೈಕಿನವನು ಪೊಟ್ಟಣ ಹಾಕುವುದು; ಮೇಲೆ ಎಳೆದುಕೊಳ್ಳುವುದು. ಒಂದು ದಿನ ಬಾಯಿ ಹಗ್ಗ ಬಿಟ್ಟು ನಿಂತಿದ್ದಾಗ ಪಕ್ಕದ ಗ್ಯಾಲರಿಯಿಂದ ಇನ್ನೊಂದು ಹಗ್ಗ ಇಳಿಯಿತು. ತಲೆಯೆತ್ತಿದರೆ ನೆರೆಮನೆಯ ಫಾಟಕ್ ವಹಿನಿ! ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ ಮಹಾತಾಯಿ. ಇಬ್ಬರೂ ಆಕಾಶ ನೋಡಿದರು. “ಏನ ಸೆಕಿ ಅಂತೀನಿ,” ಎಂದರು ವಹಿನಿ. “ಆಗೂದಿಲ್ಲ ಬಿಡ್ರಿ,” ಎಂದರು ಬಾಯಿ. ಆಮೇಲೆ ಲಕ್ಷ್ಯಕೊಟ್ಟು ನೋಡಿದರೆ ಕೆಳಗಿನ ಮನೆಯ ಮುದುಕರು ಓಕ್ ಆಜೋಬಾ ಕಿಟಕಿಯಿಂದಲೇ ಕೈ ಚಾಚುತ್ತಿದ್ದರು, ಮೂರನೆಯ ಮಹಡಿಯಿಂದ ಬಕೆಟ್ಟೇ ಇಳಿಯುತ್ತಿತ್ತು. ಹೋಳಿ ಬರುವಷ್ಟರಲ್ಲಿ ಹನ್ನೆರಡೂ ಮನೆಯ ಹಗ್ಗಗಳ ಪರಿಚಯ ಬಾಯಿಗೆ ಆಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಇಲ್ಲಿ ಹನ್ನೆರಡು ಬೆಕ್ಕುಗಳು ಸಾಲಾಗಿ ಕೂತು ಕುಡಿಯುತ್ತಿದ್ದವು, ಒಂದನ್ನೊಂದು ನೋಡಲಿಲ್ಲ ಅಷ್ಟೆ. ನಾಲ್ಕಕ್ಕೆ ಅಂಗಡಿ ತೆರೆದಾಗ ಎಲ್ಲರೂ ಸಭ್ಯರಾಗಿ ಇಳಿದು ಸಾಸಿವೆಯೋ ಹಿಂಗೋ ಕೊಂಡು ಹೋಗುತ್ತಿದ್ದರು.

ಗಣಪತಿ ನೀರಿಗೆ ಹೋದ ಮರುದಿನ ಖಾಂಬೇಟೆಯವರು ಎರಡು ಮಹಡಿ ಮೆಟ್ಟಿಲು ಹತ್ತಿ ಬಾಯಿಯ ಮನೆಗೆ ಬಂದರು. ಮೊಣಕಾಲು ನೋವಿನ ಮನುಷ್ಯ. ಹಿಂದೆ ಎಂದೂ ಮೇಲೆ ಬಂದವರಲ್ಲ. ಏದುಸಿರು ಇಳಿಯುವ ತನಕ ಮೊಣಕಾಲು ನೀವಿಕೊಂಡರು. ಚಹಾ ಮುಟ್ಟಲಿಲ್ಲ.

“ಬಾಯಿ, ಆ ಹತ್ತು ನಿಮಿಷದಾವ್ರು ನನ್ನ ಅಂಗಡಿ ಬಾಡಿಗಿಗೆ ಕೇಳ್ಯಾರ. ಹಿಂದಿನ ಗೋದಾಮು ಸೈತ. ಮಾಲು ಇಟಗೊಂಡು ಇಲ್ಲಿಂದನ ಹಂಚತಾರಂತ. ಪಿಸಾಳ ಅಂತ ಒಬ್ಬ ಮನಶ್ಯಾ ಎರಡ ಸಲ ಬಂದು ಹೋದ. ಛಲೋ ಬಾಡಿಗಿ, ನಾನೂ ನಮ್ಮಾಕಿನೂ ಕೂತು ಉಂಡರೂ ಉಳೀತದ.”

“ಮತ್ತ ನೀವೇನಂದ್ರಿ?”

“ಏನೂ ಅಂದಿಲ್ಲ. ನಿಮ್ಮನ್ನ ಕೇಳಿ ಹೇಳೂಣು ಅಂತ.” ಅವರು ಬೆರಳಿನಿಂದ ಬಸಿಯ ಅಂಚನ್ನು ತಿರುವಿದರು. “ಗಿರಾಕಿ ಕಡಿಮಿ ಆಗ್ಯಾರ ಬಾಯಿ. ಭಾಳ ಕಡಿಮಿ. ಫಾಟಕ್ ವಹಿನಿ ಮದಲ ತಿಂಗಳಿಗೆ ಐದು ಕಿಲೋ ಸಕ್ಕರಿ ಒಯ್ಯತಿದ್ರು, ಈಗ ಕಾಲು ಕಿಲೋ. ಎಲ್ಲಾರೂ ಪಥ್ಯಾ ಹಿಡದಾರೋ ಏನೋ ಅನಸ್ತದ. ಪಥ್ಯಾ ಇದ್ದರ ಇರಲಿ, ಅದು ಛಲೋನ. ಆದರ ಮಂದಿ ನನ್ನ ಬಿಟ್ಟು ಹೊಂಟಾರಂದ್ರ ಈಗನ ಕೊಟ್ಟು ಕೈ ತೊಳಕೋಳೂದು ಶಾಣ್ಯಾತನ. ನೀವು ಕಾರ್ಯದರ್ಶಿ, ನಿಮಗ ಎಲ್ಲಾರ ಮನಿ ಹಕೀಕತ್ತು ಗೊತ್ತು. ಮುಖಾ ನೋಡಿ ಮಾತಾಡಾವ್ರಲ್ಲ ನೀವು. ಹೇಳ್ರಿ, ಉಳೀತಾರೋ, ಹೋಗತಾರೋ?”

ಆಗ ನಿಜ ಹೇಳಬಹುದಿತ್ತು. ಗಂಡ ಸ್ನಾನಕ್ಕೆ ಹೋಗಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಹನ್ನೆರಡು ಮನೆಯ ನಿಜ ಹೇಳಬೇಕಾದರೆ ಎಣಿಕೆ ತನ್ನ ಮನೆಯಿಂದ ಶುರುವಾಗಬೇಕಿತ್ತು. ಬಾಯಿಗೆ ಅಷ್ಟು ಎದೆ ಇರಲಿಲ್ಲ. ಎದೆ ಇಲ್ಲದಾಗ ಮನುಷ್ಯ ದನಿ ಏರಿಸುತ್ತಾನೆ. ಬಾಯಿಯೂ ತರಗತಿಯ ದನಿ ತೆಗೆದರು.

“ಖಾಂಬೇಟೆ, ಇದು ನಾರಾಯಣ ಪೇಠ. ಮೂರು ತಲಿಯಿಂದ ನಿಮ್ಮ ಅಂಗಡಿ ಅನ್ನಾ ಉಂಡ ಮಂದಿ. ಒಬ್ಬರೂ ಎಲ್ಲೂ ಹೋಗೂದಿಲ್ಲ. ನಾ ಮಾತು ಕೊಡತೀನಿ.”

ಖಾಂಬೇಟೆಯವರ ಮುಖ ಹೇಗೆ ಅರಳಿತೆಂದರೆ ಬಾಯಿ ಬೇರೆ ಕಡೆ ನೋಡಬೇಕಾಯಿತು. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. “ಮುಗೀತು ಬಿಡ್ರಿ. ನೀವಂದಮ್ಯಾಲೆ ಮುಗೀತು,” ಎಂದು ಗೋಡೆ ಹಿಡಿದು ಇಳಿದು ಹೋದರು. ಪಿಸಾಳನಿಗೆ ಆಗುವುದಿಲ್ಲವೆಂದು ಹೇಳಿ ಕಳಿಸಿದರು. ಅವನೂ ಬಿಡುವ ಆಸಾಮಿಯಲ್ಲ. ನವರಾತ್ರಿಗೆ ಮುಂಚಿನ ಗುರುವಾರ ಸಂಜೆ ಐದಕ್ಕೆ ಕೊನೆಯ ಸಲ ಬರುತ್ತೇನೆ, ಆಗಲೂ ಬೇಡವೆಂದರೆ ಪಕ್ಕದ ಓಣಿಯ ಹಳೆ ಹಿಟ್ಟಿನ ಗಿರಣಿ ಹಿಡಿಯುತ್ತೇವೆ ಎಂದ.

ಅಂದಿನಿಂದ ಬಾಯಿಗೆ ಶ್ರೀಖಂಡ ರುಚಿಸಲಿಲ್ಲ ಎಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ರುಚಿಸಿತು. ತಿನ್ನುವಾಗ ರುಚಿಸಿತು, ತಿಂದ ಮೇಲೆ ನಾಚಿಕೆಯಾಯಿತು, ಮರುದಿನ ಒಂದೂವರೆಗೆ ಎರಡೂ ಮರೆತುಹೋದವು.

ಖಾಂಬೇಟೆಯವರು ಮಾತ್ರ ಕೈಕಟ್ಟಿ ಕೂರಲಿಲ್ಲ. ಜನ ಉಳಿಯುತ್ತಾರೆಂದರೆ ತಾನೂ ಅವರಿಗಾಗಿ ಏನಾದರೂ ಮಾಡಬೇಕಲ್ಲ? ಆ ಗುರುವಾರದ ಹಿಂದಿನ ಸಂಜೆ ಒಂದು ಖಾಲಿ ಹಲಗೆ ಹಿಡಿದು ಬಾಯಿಯನ್ನು ಕರೆದರು. “ನಾಳಿಂದ ಮಧ್ಯಾಹ್ನನೂ ತಗದಿಡತೀನಿ. ನಮ್ಮಪ್ಪನ ಕಾಲದಿಂದ ಆಗದ್ದು ಆಗಲಿ. ಛಲೋತ್ನಾಗಿ ಬರಕೊಡ್ರಿ.” ಬಾಯಿ ಬರೆದರು: ‘ಇಂದಿನಿಂದ ಮಧ್ಯಾಹ್ನವೂ ಅಂಗಡಿ ತೆರೆದಿರುತ್ತದೆ. ಮಾಲೀಕರು ತೂಕಡಿಸುತ್ತಿದ್ದರೆ ಎಬ್ಬಿಸುವ ಹಕ್ಕು ಗಿರಾಕಿಗಳಿಗೆ ಇದೆ.’ ಖಾಂಬೇಟೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುವಾರ ಬೆಳಿಗ್ಗೆ ಹಳೆಯ ಬೋರ್ಡು ಇಳಿದು ಹೊಸದು ಏರಿತು. ಮೊಳೆ ನೆಟ್ಟಗಿದೆಯೇ ಎಂದು ಬಾಯಿಯೇ ಕೆಳಗೆ ನಿಂತು ನೋಡಿ ಹೇಳಿದರು.

ಅದೇ ದಿನ ಒಂದಕ್ಕೆ ಊಟವಾಯಿತು. ಒಂದೂಕಾಲಿಗೆ ಗೊರಕೆ ಕೇಳಿತು. ಒಂಬತ್ತು ತಿಂಗಳ ಅಭ್ಯಾಸ ನೋಡಿ! ಆ ಗೊರಕೆ ಕೇಳಿದ ಕೂಡಲೇ ಪೇಠವೆಲ್ಲ ಮಲಗಿತೆಂದು ಬಾಯಿಯ ಮೈಗೆ ಗೊತ್ತಾಗಿಬಿಡುತ್ತಿತ್ತು. ಬೋರ್ಡು ಬರೆದ ಕೈಯೇ ಫೋನು ತೆಗೆದುಕೊಂಡು ಶ್ರೀಖಂಡ ಒತ್ತಿತು, ಚಿಕ್ಕಿ ಒತ್ತಿತು, ಜಾಮೂನು ಒತ್ತಿತು. ಬರೆದದ್ದು ಕೈ, ತಲೆ ಅದನ್ನು ಓದಿಯೇ ಇರಲಿಲ್ಲ.

ಬಾಯಿ ಹಗ್ಗ ಇಳಿಬಿಟ್ಟು ಕಾದರು. ಹಿಂದಿನ ಸಂದಿಯನ್ನು ಅಂದು ಬೆಳಿಗ್ಗೆ ಮೋರಿಯ ಪೈಪಿಗೆಂದು ಮಹಾನಗರಪಾಲಿಕೆಯವರು ಅಗೆದು ಹಾಕಿದ್ದರು. ಯಾವ ಬೈಕೂ ಬರಲಿಲ್ಲ. ಬದಲಿಗೆ ಮುಂಬಾಗಿಲ ಕಡೆಯಿಂದ ಗಟ್ಟಿ ದನಿಯೊಂದು ಕೇಳಿತು: “ಆಗಾಶೆ ಯಾರ್ರೀ ಇಲ್ಲೆ? ಪ್ರಮಿಳಾ ಆಗಾಶೆ! ಆರ್ಡರ್ ಅದ!”

ಆಗ ಹೊಳೆಯಿತು. ಅಂಗಡಿ ತೆರೆದಿದೆ!

ಬಾಯಿ ಚಪ್ಪಲಿ ಕೂಡ ಮೆಟ್ಟದೆ ಇಳಿದರು. ಅಂಗಡಿಯ ಮುಂದೆ ಆ ಹೊತ್ತಿನಲ್ಲಿ ಯಾರೂ ಇರುವುದಿಲ್ಲ, ಆದರೆ ಮಧ್ಯಾಹ್ನ ಎರಡಕ್ಕೆ ಎಚ್ಚರವಿರುವ ಖಾಂಬೇಟೆಯನ್ನು ನೋಡುವ ಭಾಗ್ಯ ಬಿಡಬಾರದೆಂದು ಫಾಟಕ್ ವಹಿನಿ ಮತ್ತು ಓಕ್ ಆಜೋಬಾ ಅಲ್ಲಿಯೇ ನಿಂತಿದ್ದರು. ನಲವತ್ತು ದಾಟಿದ ಬೈಕಿನವನು ಬೆವರು ಒರೆಸುತ್ತ ಪೊಟ್ಟಣವನ್ನು ಹಣ ಎಣಿಸುವ ಗಲ್ಲೆಯ ಮೇಲೆ ಇಟ್ಟಿದ್ದ. ಹೆಸರಿನ ಚೀಟಿ ಮೇಲ್ಮುಖವಾಗಿತ್ತು.

“ಅಯ್ಯ ಬಾಯಿ,” ಎಂದು ಫಾಟಕ್ ವಹಿನಿ ರಾಗ ಎಳೆದರು. “ಗೇಟಿನ ಬೋರ್ಡು ಇವಂಗ ಓದಲಿಕ್ಕೆ ಬರೂದಿಲ್ಲೋ, ಬರದಾವ್ರಿಗೇ ಬರೂದಿಲ್ಲೋ?”

“ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ,” ಎಂದರು ಓಕ್ ಆಜೋಬಾ, ಹಲ್ಲಿಲ್ಲದ ಬಾಯಿ ತುಂಬ ನಗುತ್ತ.

ನಿಮ್ಮ ಹಗ್ಗ ಎಲ್ಲಿ ವಹಿನಿ, ನಿಮ್ಮ ಕಿಟಕಿ ಎಲ್ಲಿ ಆಜೋಬಾ ಎಂದು ಕೇಳಬಹುದಿತ್ತು. ಆದರೆ ಬಾಯಿಗೆ ಭೂಮಿಯೇ ಬಿರಿಯಬಾರದೇ ಅನ್ನಿಸಿತು. ಅವರು ವಹಿನಿಯತ್ತ ನೋಡಲಿಲ್ಲ, ಖಾಂಬೇಟೆಯವರತ್ತಲೂ ನೋಡಲಿಲ್ಲ; ನೆಲದ ಮೇಲೆ ಚೆಲ್ಲಿದ್ದ ಎರಡು ಅವಲಕ್ಕಿ ಕಾಳು ನೋಡುತ್ತ ನಿಂತರು.

“ಏ, ಅದು ನಂದು,” ಎಂದರು ಖಾಂಬೇಟೆಯವರು.

ಎಲ್ಲರೂ ತಿರುಗಿದರು.

“ನಾನ ತರಸೇನಿ. ನನ್ನ ಫೋನಿನಾಗ ಅದು ನಡೆಯೂದಿಲ್ಲ, ಅದಕ್ಕ ಬಾಯಿಗೆ ಹೇಳಿದ್ದೆ, ನಿಮ್ಮ ಹೆಸರಿಲೆ ತರಸ್ರಿ ಅಂತ. ವೈರಿ ಹೆಂಗ ಕುಸ್ತಿ ಮಾಡತಾನ ಅಂತ ನೋಡಬೇಕೋ ಬ್ಯಾಡೋ?” ಅವರು ಗೋಡೆಯ ಗಡಿಯಾರ ನೋಡಿದರು. “ಹತ್ತು ಅಂತ ಹೇಳಿ ಹದಿನೇಳು ನಿಮಿಷ! ನಾ ಆಗಿದ್ದರ ಈ ಮಂದಿ ಸುಮ್ಮನ ಬಿಡತಿದ್ರೇನು?”

ಬೈಕಿನವನು ರಸ್ತೆ ಅಗೆದದ್ದರ ಬಗ್ಗೆ ಏನೋ ಗೊಣಗಿ ಹೊರಟುಹೋದ. ಖಾಂಬೇಟೆಯವರು ಎಲ್ಲರೆದುರು ಪೊಟ್ಟಣ ಬಿಚ್ಚಿದರು. ಶ್ರೀಖಂಡ. ಚಿಕ್ಕಿ. ಜಾಮೂನಿನ ಡಬ್ಬಿ. ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಚಿಕ್ಕಿ ಮುರಿದು ವಹಿನಿಗೊಂದು, ಆಜೋಬಾಗೊಂದು ಚೂರು ಕೊಟ್ಟರು. “ತಿಂದು ಹೇಳ್ರಿ, ನಮ್ಮದು ಛಲೋನೋ ಅವರದೋ. ಬಾಯಿಗೆ ಕೊಡಂಗಿಲ್ಲ, ಅವರಿಗೆ ಶುಗರ್ ಅದ.” ಹೀಗೆಂದು ಬಾಯಿಯ ಕಡೆ ತಿರುಗಿದರು. “ಹೌದಲ್ರೀ ಬಾಯಿ? ನಾನ ಹೇಳಿದ್ದೆ ಅಲ್ಲ?”

ಆ ಮನುಷ್ಯನ ಅಂಗಡಿಯಲ್ಲಿ ಕಾಲು ಕಿಲೋ ಜೀರಿಗೆಗೂ ಒಂದು ಸುಳ್ಳು ಬಿದ್ದದ್ದನ್ನು ಬಾಯಿ ಕಂಡಿರಲಿಲ್ಲ. ಹಳೆಯ ಬೇಳೆಯಾದರೆ ಹಳೆಯದೆಂದು ಹೇಳಿ ಕೊಡುವವರು. ಆ ನಾಲಿಗೆಯಿಂದ ಇವರಿಗಾಗಿ ಸುಳ್ಳು ಬಂದಿತ್ತು.

“ಹೌದು,” ಎಂದರು ಆಗಾಶೆ ಬಾಯಿ. “ಖಾಂಬೇಟೆಯವರೇ ತರಿಸಿದ್ದು.”

ಚಿಕ್ಕಿ ಚೀಪುತ್ತ ಇಬ್ಬರೂ ಹೋದರು. ಖಾಂಬೇಟೆಯವರು ಶ್ರೀಖಂಡದ ಡಬ್ಬಿಯನ್ನು ಕಾಗದದಲ್ಲಿ ಸುತ್ತತೊಡಗಿದರು.

“ತಪ್ಪು ನಂದು ಬಾಯಿ,” ಎಂದರು ತಲೆಯೆತ್ತದೆ. “ಮೂರು ವರ್ಷ ನಿಮ್ಮನ್ನ ಸಣ್ಣ ಹುಡುಗೀಗತೆ ನಡಸಿಕೊಂಡೆ. ಬೆಲ್ಲಾ ಕೇಳಿದರೂ ಜಬರಿಸಿದೆ. ಮನಶ್ಯಾಗ ಒಂದೊಂದ್ ದಿನಾ ಆಶಾ ಆಗ್ತದ, ಅಷ್ಟೂ ತಿಳೀಲಿಲ್ಲ ನನಗ. ನೀವು ಅಲ್ಲಿಗೆ ಹೋಗೂಹಂಗ ನಾನ ಮಾಡಿದೆ. ನಿಮ್ಮದೊಂದು ಮನಿ, ಅದಕ್ಕೊಂದು ಕಾರಣ ಅದ. ಉಳದಾವ್ರು ಹಂಗಲ್ಲಲ್ಲ, ನೀವ ಹೇಳೀರಿ. ಸಂಜಿಗೆ ಆ ಪಿಸಾಳ ಬರತಾನ, ಈ ಸಲ ಕಡ್ಡಿ ಮುರದಂಗ ಹೇಳಿ ಕಳಸತೀನಿ.”

ಬಾಯಿ ತುಟಿ ತೆರೆದರು. ಹೇಳಬೇಕಾದ್ದು ನಾಲ್ಕೇ ಶಬ್ದ. ಖಾಂಬೇಟೆಯವರು ಕಾಗದದ ಪೊಟ್ಟಣವನ್ನು ಅವರ ಕೈಗಿಟ್ಟು, “ದಿನಾ ಒಂದು ಚಮಚಾ, ಅಷ್ಟಽ,” ಎಂದರು. ಬಾಯಿ ಅದನ್ನು ಸೆರಗಿನಡಿ ಹಿಡಿದುಕೊಂಡು ಬರಿಗಾಲಲ್ಲಿ ಮೇಲೆ ಬಂದರು.

ಎರಡು ತಾಸು ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಪೊಟ್ಟಣ ಒಲೆಯ ಪಕ್ಕದಲ್ಲಿ ಬೆವರುತ್ತಿತ್ತು. ಬಿಚ್ಚಲಿಲ್ಲ. ಬೇರೆಯವರ ಉತ್ತರಪತ್ರಿಕೆಯಲ್ಲಿ ಕೆಂಪು ಗೀರು ಎಳೆಯುತ್ತ ಬದುಕು ಸವೆಸಿದೆ, ಆದರೆ ಸಿಕ್ಕಿಬಿದ್ದ ಹುಡುಗಿಗೆ ಒಳಗೆ ಹೇಗಾಗುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲವಲ್ಲ ಎಂದುಕೊಂಡರು. ಸಿಕ್ಕಿಬಿದ್ದದ್ದು ಹೋಗಲಿ. ಬಿಡಿಸಿಕೊಂಡದ್ದು ಅದಕ್ಕಿಂತ ಹೇಸಿಗೆ. ಇನ್ನೊಬ್ಬನ ಸುಳ್ಳಿನ ಮರೆಯಲ್ಲಿ ನಿಂತು ‘ಹೌದು’ ಅಂದೆನಲ್ಲ! ಛೀ ಎಂದು ತಮಗೆ ತಾವೇ ಹೇಳಿಕೊಂಡರು, ಗಟ್ಟಿಯಾಗಿಯೇ.

ನಾಲ್ಕಕ್ಕೆ ಆಗಾಶೆ ರಾವ್ ಎದ್ದು ಚಹಾಕ್ಕೆ ಕೂತರು. “ಇವತ್ತ ಮಳಿ ಬರತದ,” ಎಂದರು. ಹೆಂಡತಿ ಎದುರು ಮಾತಾಡದ್ದು ನೋಡಿ ಅವರಿಗೇ ಗಾಬರಿಯಾಯಿತು. “ಅಲ್ಲಽ, ಆರಾಮ ಇದ್ದೀ ಇಲ್ಲೋ?”

“ಅಲ್ರೀ, ಒಬ್ಬರಿಗೆ ಮಾತು ಕೊಟ್ಟು, ಆ ಮಾತು ಸುಳ್ಳಿದ್ದರ ಏನ ಮಾಡಬೇಕು?”

“ನಮ್ಮ ಆಫೀಸಿನಾಗ ಮರುದಿನ ಹೊಸದೊಂದು ಹೇಳತಿದ್ವಿ,” ಎಂದು ಅವರು ಬಸಿಗೆ ಚಹಾ ಸುರಿದುಕೊಂಡರು.

ಐದಕ್ಕೆ ಐದು ನಿಮಿಷವಿರುವಾಗ ಕೆಳಗೆ ಸ್ಕೂಟರ್ ನಿಂತ ಸದ್ದಾಯಿತು. ಬಾಯಿ ಮುಂಬದಿಯ ಗ್ಯಾಲರಿಗೆ ಬಂದರು. ಅಂಗಡಿಯ ಮುಂದೆ ಸಂಜೆಯ ಮಂದಿ ಸೇರಿದ್ದರು. ಫಾಟಕ್ ವಹಿನಿ ಮತ್ತೆ ಬಂದಿದ್ದರು, ಇನ್ನೂ ನಾಲ್ಕೈದು ಮನೆಯವರಿದ್ದರು. ಪಿಸಾಳ ಕಂಕುಳಲ್ಲಿ ಕಾಗದಪತ್ರದ ಚೀಲ ಹಿಡಿದು ನಿಂತಿದ್ದ. ಖಾಂಬೇಟೆಯವರ ದನಿ ಮೇಲಕ್ಕೆ ಸ್ಪಷ್ಟವಾಗಿ ಕೇಳಿಸಿತು.

“ಇಲ್ಲಪಾ, ಕೊಡಂಗಿಲ್ಲ. ನಮ್ಮ ಮಂದಿ ಎಲ್ಲೂ ಹೋಗಂಗಿಲ್ಲ. ಆಗಾಶೆ ಬಾಯಿ ಮಾತು ಕೊಟ್ಟಾರ. ನೀ ಆ ಗಿರಣೀನ ನೋಡಕೋ ಹೋಗು.”

ಪಿಸಾಳ ಹೆಗಲು ಹಾರಿಸಿ 'ಆತು ಬಿಡ್ರಿ' ಎಂದು ಸ್ಕೂಟರಿನ ಕಡೆ ತಿರುಗಿದ. ಬಾಯಿ ಎರಡು ಮಹಡಿಯನ್ನು ಹೇಗೆ ಇಳಿದರೋ ಅವರಿಗೇ ತಿಳಿಯದು.

“ನಿಲ್ಲಪಾ! ಹೋಗಬ್ಯಾಡ.” ಉಸಿರು ಸಾಲದೆ ಅವರು ಗಲ್ಲೆಯನ್ನು ಹಿಡಿದುಕೊಂಡರು. “ಖಾಂಬೇಟೆ, ಕೊಟ್ಟಬಿಡ್ರಿ. ಅಂಗಡಿ ಕೊಟ್ಟಬಿಡ್ರಿ.”

“ಏನಾತು ಬಾಯಿ?”

“ನಾ ಸುಳ್ಳು ಹೇಳಿದೆ. ಯಾರೂ ಉಳಿಯೂದಿಲ್ಲ. ಉಳದಿಲ್ಲ, ಯಾವಾಗೋ ಹೋಗ್ಯಾರ. ಹನ್ನೆರಡೂ ಮನಿಯಾವ್ರು ಅಲ್ಲಿಂದನ ತರಸತಾರ, ನೀವು ಮಲಗಿದಾಗ. ಹಿಂದಿನ ಸಂದ್ಯಾಗ ಹಗ್ಗಾ ಬಿಟ್ಟು. ನಾ ಕಣ್ಣಾರೆ ನೋಡೇನಿ.” ಯಾರೋ ಹಿಂದಿನಿಂದ ‘ಬಾಯಿ!’ ಎಂದು ಗದರಿದರು. ಬಾಯಿ ನಿಲ್ಲಿಸದೆ ಮಂದಿಯ ಕಡೆ ತಿರುಗಿದರು. “ಎಲ್ಲಾರಕಿಂತ ಮದಲ ನಾನು. ಸಂಕ್ರಾಂತಿಯಿಂದ. ವಾರಕ್ಕ ಮೂರು ಸಲ. ಮಧ್ಯಾಹ್ನದ್ದು ಇವರು ತರಿಸಿದ್ದಲ್ಲ, ನಂದು. ನನ್ನ ಮಾನಾ ಉಳಸಲಿಕ್ಕೆ ಇವರು ಸುಳ್ಳು ಹೇಳಿದ್ರು. ನಾ ಹೌದಂದೆ.”

ಫಾಟಕ್ ವಹಿನಿ ತಮ್ಮ ಚೀಲದೊಳಗೆ ಏನನ್ನೋ ಹುಡುಕತೊಡಗಿದರು. ಇಬ್ಬರು ಮೆಲ್ಲಗೆ ಮೆಟ್ಟಿಲ ಕಡೆ ಸರಿದರು. ಖಾಂಬೇಟೆಯವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ನೋಡಿದ ಪ್ರತಿ ಮುಖವೂ ಬಾಗಿತು. ಬೇರೆ ಸಾಕ್ಷಿ ಬೇಕಾಗಲಿಲ್ಲ.

ಪಿಸಾಳ ಕೆಮ್ಮಿದ. “ಕಾಕಾ, ಹೇಳಬಾರದಂತ ಸುಮ್ಮನಿದ್ದೆ. ಇಡೀ ಪೇಠದಾಗ ಎಲ್ಲಾಕಿಂತ ಜಾಸ್ತಿ ಆರ್ಡರ್ ಬರೂದು ಈ ಕಟ್ಟಡದಿಂದ. ಅದಕ್ಕನ ನಿಮ್ಮ ಜಾಗಾ ಕೇಳಿದ್ದು.”

ಖಾಂಬೇಟೆಯವರು ಕನ್ನಡಕ ತೆಗೆದು ಗಲ್ಲೆಯ ಮೇಲಿಟ್ಟರು. ಅವರು ಕೂಗಾಡಿದ್ದರೆ ಬಾಯಿಗೆ ತಡೆದುಕೊಳ್ಳಲು ಆಗುತ್ತಿತ್ತು. ನಾಲ್ಕು ಬೈಗುಳ ಬೈದಿದ್ದರೆ ತಲೆ ತಗ್ಗಿಸಿ ಕೇಳಿ, ಅಳು ಬಂದರೆ ಅತ್ತು, ಮನೆಗೆ ಹೋಗಬಹುದಿತ್ತು.

“ಅವತ್ತ ನಾ ಮೆಟ್ಟಲಾ ಹತ್ತಿ ಬಂದು ಕೇಳಿದ್ನಲ್ಲ ಬಾಯಿ,” ಎಂದರು ಅಷ್ಟೇ.

“ಹೌದು,” ಎಂದರು ಬಾಯಿ.

ಖಾಂಬೇಟೆಯವರು ಕೈ ಚಾಚಿದರು. ಪಿಸಾಳ ಕಾಗದ ಹರಡಿ, ಬೆರಳಿಟ್ಟು ಜಾಗ ತೋರಿಸಿದ. ಅವರು ಮೂರು ಕಡೆ ಸಹಿ ಹಾಕಿದರು, ನಿಧಾನವಾಗಿ, ಅಪ್ಪನ ಹೆಸರು ಸೇರಿಸಿ. ಮುಗಿಸಿ ಪೆನ್ನು ಹಿಂದಕ್ಕೆ ಕೊಡುತ್ತ ಕೇಳಿದರು:

“ಮಧ್ಯಾಹ್ನ ಮುಚ್ಚತೀರೇನಪಾ ನೀವು?”

“ಇಲ್ಲ ಕಾಕಾ. ನಾವು ಮುಚ್ಚೂದ ಇಲ್ಲ.”

“ಛಲೋ ಆತು.” ಅವರು ಬಾಯಿಯ ಕಡೆ ತಿರುಗಿದರು. ದನಿಯಲ್ಲಿ ಕುಹಕವಿರಲಿಲ್ಲ, ಮೂವತ್ತು ವರ್ಷ ಗಿರಾಕಿಯ ಅನುಕೂಲ ನೋಡಿದ ಮನುಷ್ಯ ಈಗಲೂ ಅದನ್ನೇ ನೋಡುತ್ತಿದ್ದ. “ಇನ್ನ ನಿಮಗ ಯಾರ ನಿದ್ದಿ ಹತ್ತತದ ಅಂತ ಕಾಯೂ ತ್ರಾಸಿಲ್ಲ ಬಾಯಿ. ಯಾವಾಗ ಬೇಕಾದರೂ ತರಸಿಕೋಬಹುದು.”

ಬಾಯಿ ಏನೋ ಹೇಳಹೋದರು. ಅಷ್ಟರಲ್ಲಿ ಖಾಂಬೇಟೆಯವರು ಒಳಗೆ ಹೋಗಿ ಗೋದಾಮಿನ ದೀಪ ಹಾಕಿ, ಪಿಸಾಳನಿಗೆ ಜಾಗ ತೋರಿಸತೊಡಗಿದ್ದರು.